ಕಾಗದ ಉಳಿದಿದೆಯೋ, ಟೇಪು ಉಳಿದಿದೆಯೋ: ಹಳೆಯ ಹಾಲಿವುಡ್ ಹಿನ್ನೆಲೆ ಸಂಗೀತ ಕೊಳ್ಳುವವರಿಗೊಂದು ಹೋಲಿಕೆ

1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ನೋಡಿ ಮನಸೋತು ಅದರ ಆರ್‌ಸಿಎ ಕಂಪನಿಯ ಗ್ರಾಮಫೋನ್ ತಟ್ಟೆಯನ್ನೋ, ಆ ತಟ್ಟೆಯಿಂದ ಮಾಡಿದ ಸಿಡಿಯನ್ನೋ ತಂದು ಹಾಕಿದರೆ ಕೇಳಿಸುವುದು ಚಿತ್ರದಲ್ಲಿದ್ದ ಸಂಗೀತವಲ್ಲ. ಧಾಟಿ ಅದೇ, ನುಡಿಸಿದವರು ಚಿತ್ರದ ಸಂಯೋಜಕ ಹೆನ್ರಿ ಮ್ಯಾನ್ಸಿನಿಯವರೇ. ಆದರೆ ಅದು ತಟ್ಟೆಗೆಂದೇ ಬೇರೆ ಜೋಡಣೆಯಲ್ಲಿ ಇನ್ನೊಮ್ಮೆ ಧ್ವನಿಮುದ್ರಣ ಮಾಡಿದ್ದು. ಸಂಜೆ ಹೊತ್ತು ಸುಮ್ಮನೆ ಹಾಕಿಕೊಂಡು ಕೂರಲು ಹಿತವಾದ ತಟ್ಟೆ, ನಿಜ. ಚಿತ್ರದ ದೃಶ್ಯಗಳ ಕೆಳಗೆ ಹರಿಯುವ ಆ ತೆಳುವಾದ, ಒಂಟಿತನದ ಸಂಗೀತ ಮಾತ್ರ ಅದರಲ್ಲಿಲ್ಲ. ಅದು ಇಂಟ್ರಾಡಾ ಕಂಪನಿಯ ಸಿಡಿಯಾಗಿ ಹೊರಬಂದದ್ದು 2013ರಲ್ಲಿ, ಅಂದರೆ 52 ವರ್ಷದ ಮೇಲೆ. ‘ಹಟಾರಿ’, ‘ಶರಾಡ್’ ಚಿತ್ರಗಳದ್ದೂ ಇದೇ ಕಥೆ.

ನಮ್ಮಲ್ಲಿ ಚಿತ್ರದ ತಟ್ಟೆ ಎಂದರೆ ಹಾಡುಗಳ ತಟ್ಟೆ. ಹಿನ್ನೆಲೆ ಸಂಗೀತವನ್ನು ಬೇರೆಯಾಗಿ ಕೊಳ್ಳುವ ರೂಢಿಯೇ ಕಡಿಮೆ. ಹಾಗಾಗಿ ಹಾಲಿವುಡ್ಡಿನ ಹಳೆಯ ಸ್ಕೋರ್‌ಗಳ ಕಡೆ ಹೊಸದಾಗಿ ಹೊರಳಿದವರಿಗೆ ಒಂದೇ ಹೆಸರಿನ ಐದಾರು ಸಿಡಿ ಕಂಡಾಗ ತಲೆ ಕೆಡುವುದು ಸಹಜ. ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ಕಾಯಬೇಕು, ಯಾವುದರ ಆಸೆಯನ್ನೇ ಬಿಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಒಂದೇ ಪ್ರಶ್ನೆ: ಆ ಚಿತ್ರದ ಮಟ್ಟಿಗೆ ಉಳಿದಿರುವುದು ಕಾಗದವೋ, ಟೇಪೋ? ಅಂದರೆ ಬರೆದ ಸ್ವರಲಿಪಿಯೋ, ನುಡಿಸಿದ ಧ್ವನಿಮುದ್ರಣವೋ? ಇದು ಗೊತ್ತಾದರೆ ಮಿಕ್ಕಿದ್ದು ಸುಲಭ.

ಒಂದೇ ಹೆಸರು, ಬೇರೆ ಬೇರೆ ಸರಕು

ಮೊದಲನೆಯದು ಮೂಲ ಧ್ವನಿಮುದ್ರಣ. ಚಿತ್ರದ ಪರದೆ ನೋಡಿಕೊಂಡು ಸ್ಟುಡಿಯೋ ಆರ್ಕೆಸ್ಟ್ರಾ ನುಡಿಸಿದ್ದು ಇದೇ. ಎರಡನೆಯದು ಆ ಕಾಲದ ಆಲ್ಬಂ. ಹೊದಿಕೆಯ ಮೇಲೆ ‘ಒರಿಜಿನಲ್ ಸೌಂಡ್‌ಟ್ರ್ಯಾಕ್’ ಎಂದು ಅಚ್ಚಾಗಿದ್ದರೂ ಎಷ್ಟೋ ಸಲ ಅದು ತಟ್ಟೆಗೆಂದೇ ಮತ್ತೆ ನುಡಿಸಿದ್ದು. ಮೂರನೆಯದು ದಶಕಗಳ ನಂತರ ಬೇರೆ ಆರ್ಕೆಸ್ಟ್ರಾ ಸ್ವರಲಿಪಿ ನೋಡಿಕೊಂಡು ನುಡಿಸಿದ ಮರು ಧ್ವನಿಮುದ್ರಣ. ನಾಲ್ಕನೆಯದು ಸಂಕಲನ, ಅಂದರೆ ಒಂದೊಂದು ಚಿತ್ರದಿಂದ ಏಳೆಂಟು ನಿಮಿಷದ ಸೂಟ್ (ಆಯ್ದ ಭಾಗಗಳ ಜೋಡಣೆ). ಇದರ ಜೊತೆಗೆ ಸಿಡಿಯೇ ಅಲ್ಲದ ಇನ್ನೊಂದು ದಾರಿಯಿದೆ. ಕೆಲವು ಡಿವಿಡಿ, ಬ್ಲೂ-ರೇಗಳಲ್ಲಿ ಮಾತು ತೆಗೆದು ಸಂಗೀತವನ್ನಷ್ಟೇ ಇಟ್ಟ ಆಡಿಯೋ ಟ್ರ್ಯಾಕ್ ಇರುತ್ತದೆ.

ಆಲ್ಬಂಗೆಂದು ಮತ್ತೆ ನುಡಿಸುತ್ತಿದ್ದುದಕ್ಕೆ ಕಾರಣ ಬರೀ ಕಲೆಯಲ್ಲ, ದುಡ್ಡು. ಚಿತ್ರಕ್ಕೆಂದು ನುಡಿಸಿದ್ದನ್ನು ತಟ್ಟೆಯಲ್ಲಿ ಹಾಕಿದರೆ ಅಮೆರಿಕದ ವಾದ್ಯಗಾರರ ಸಂಘದ ನಿಯಮದಂತೆ ಆರ್ಕೆಸ್ಟ್ರಾದ ಅಷ್ಟೂ ಮಂದಿಗೆ ಮತ್ತೊಮ್ಮೆ ಹಣ ಕೊಡಬೇಕಿತ್ತು. ಯುರೋಪಿಗೆ ಹೋಗಿಯೋ, ಅಮೆರಿಕದಲ್ಲೇ ಸಣ್ಣ ತಂಡ ಕಟ್ಟಿಯೋ ಹೊಸದಾಗಿ ನುಡಿಸುವುದು ಅದಕ್ಕಿಂತ ಅಗ್ಗ. ಜೊತೆಗೆ ಎಲ್‌ಪಿಯ ಒಂದು ಮಗ್ಗುಲಿಗೆ ಹಿಡಿಸುವುದು ಇಪ್ಪತ್ತು ನಿಮಿಷದ ಆಸುಪಾಸು. ಚಿತ್ರದಲ್ಲಿ ನಲವತ್ತು ಸೆಕೆಂಡಿಗೆ ಮುಗಿಯುವ ತುಣುಕುಗಳನ್ನು ಸಾಲಾಗಿ ಹಾಕಿದರೆ ಯಾರೂ ಕೇಳುವುದಿಲ್ಲವೆಂದು ಸಂಯೋಜಕರೇ ಮೂರು ಮೂರು ನಿಮಿಷದ ಕೃತಿಗಳಾಗಿ ಹೊಸೆಯುತ್ತಿದ್ದರು. 1975ರ ‘ಜಾಸ್’ ಆಲ್ಬಂ ಹೀಗೆ ಜಾನ್ ವಿಲಿಯಮ್ಸ್ ಮತ್ತೆ ನುಡಿಸಿದ್ದು. ಚಿತ್ರದ ಟ್ರ್ಯಾಕುಗಳು 2000ದಲ್ಲಿ ಡೆಕ್ಕಾ ಕಂಪನಿಯಿಂದ, 2015ರಲ್ಲಿ ಎರಡು ಸಿಡಿಯಾಗಿ ಇಂಟ್ರಾಡಾದಿಂದ ಬಂದವು. ‘ಜಾಸ್’ ವಿಷಯದಲ್ಲಿ ಎರಡೂ ಬೇಕು. ಆಲ್ಬಂ ಸಂಗೀತವಾಗಿ ಹೆಚ್ಚು ದುಂಡಗಿದೆ, ಚಿತ್ರದ್ದು ಹೆಚ್ಚು ಹರಿತ.

ಕೈಯಲ್ಲಿರುವುದು ಯಾವುದೆಂದು ತಿಳಿಯಲು ಚಿತ್ರದ ದೃಶ್ಯವನ್ನೂ ಸಿಡಿಯನ್ನೂ ಒಟ್ಟಿಗೆ ಓಡಿಸಿ ನೋಡಿ. ಮೂಲ ಧ್ವನಿಮುದ್ರಣವಾದರೆ ಗತಿ ಕೂದಲೆಳೆಯಷ್ಟೂ ತಪ್ಪದೆ ಕೂಡಿ ಬರುತ್ತದೆ. ಹತ್ತು ಸೆಕೆಂಡಿನಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ ಆದರೆ ಅದು ಮತ್ತೆ ನುಡಿಸಿದ್ದು. ಇಲ್ಲೊಂದು ಬಲೆಯಿದೆ. ಭಾರತ, ಯುರೋಪುಗಳಲ್ಲಿ ಮಾರಾಟವಾದ ಪಾಲ್ ಮಾದರಿಯ ಡಿವಿಡಿಗಳು ಸೆಕೆಂಡಿಗೆ 24 ಚಿತ್ರಗಳ ಫಿಲ್ಮನ್ನು 25ರಲ್ಲಿ ಓಡಿಸುತ್ತವೆ. ನೂರು ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ ಕೀಲಿಯಿಂದ ಪಕ್ಕದ ಕಪ್ಪು ಕೀಲಿಗೆ ಎಷ್ಟು ದೂರವೋ ಅದರ ಮುಕ್ಕಾಲಿನ ಹತ್ತಿರ ಶ್ರುತಿಯೂ ಏರುತ್ತದೆ. ಅಂಥ ಡಿವಿಡಿಯ ಜೊತೆ ಹೋಲಿಸಿ ‘ಸಿಡಿ ನಿಧಾನವಾಗಿದೆ, ನಕಲಿ’ ಎಂದು ತೀರ್ಪು ಕೊಟ್ಟವರು ಬೇಕಾದಷ್ಟು. ಹೋಲಿಸುವುದಿದ್ದರೆ ಬ್ಲೂ-ರೇ ಜೊತೆ ಹೋಲಿಸಿ.

‘ಬೆನ್-ಹರ್’: ಹತ್ತಿರದಿಂದ ಒಂದು ನೋಟ

1959ರ ‘ಬೆನ್-ಹರ್’ಗೆ ಮಿಕ್ಲೋಶ್ ರೋಝಾ ಬರೆದದ್ದು ಎರಡು ಗಂಟೆಗೂ ಮಿಕ್ಕಿದ ಸಂಗೀತ. ಆಯ್ಕೆಯ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಚಿತ್ರದ ಜೊತೆಗೇ ಬಂದ ಎಂಜಿಎಂ ಸ್ಟುಡಿಯೋದ ತಟ್ಟೆಯನ್ನು ನುಡಿಸಿದ್ದು ಹಾಲಿವುಡ್ಡಿನ ಆರ್ಕೆಸ್ಟ್ರಾ ಅಲ್ಲ. ಕಾರ್ಲೊ ಸವೀನಾ ನಿರ್ದೇಶನದಲ್ಲಿ ರೋಮ್‌ನ ಆರ್ಕೆಸ್ಟ್ರಾ ಅದನ್ನು ನುಡಿಸಿತು. ತಟ್ಟೆ ಚೆನ್ನಾಗಿ ಬಿಕರಿಯಾದ್ದರಿಂದ ‘ಮೋರ್ ಮ್ಯೂಸಿಕ್ ಫ್ರಂ ಬೆನ್-ಹರ್’ ಎಂದು ಎರಡನೆಯದು ಬಂತು. ಅದರಲ್ಲಿ ನುಡಿಸಿದ್ದು ಎರಿಕ್ ಕ್ಲಾಸ್ ನಿರ್ದೇಶನದ ಜರ್ಮನ್ ಆರ್ಕೆಸ್ಟ್ರಾ. 1977ರಲ್ಲಿ ರೋಝಾ ಅವರೇ ಲಂಡನ್ನಿನಲ್ಲಿ ನ್ಯಾಷನಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದೊಂದಿಗೆ ಡೆಕ್ಕಾಗೆ ಒಂದು ತಟ್ಟೆ ಮಾಡಿದರು. ಶಬ್ದ ಭವ್ಯ, ವಾದ್ಯಗಳು ಒಂದೊಂದೂ ಕೈಗೆಟಕುವಷ್ಟು ಹತ್ತಿರ. ಚಿತ್ರದ ಮೂಲ ಧ್ವನಿಮುದ್ರಣ ಮೊದಲು ಸರಿಯಾಗಿ ಬಂದದ್ದು 1996ರ ರೈನೋ ಕಂಪನಿಯ ಎರಡು ಸಿಡಿಯಲ್ಲಿ. 2012ರಲ್ಲಿ ಫಿಲ್ಮ್ ಸ್ಕೋರ್ ಮಂತ್ಲಿ ಐದು ಸಿಡಿಯ ಪೆಟ್ಟಿಗೆ ತಂದು, ಚಿತ್ರದ ಸ್ಕೋರು, ಬಳಸದೆ ಬಿಟ್ಟ ಪಾಠಗಳು (ಅದೇ ಸಂಗೀತದ ಬೇರೆ ರೂಪಗಳು), ಹಳೆಯ ಎಲ್‌ಪಿಗಳು ಎಲ್ಲವನ್ನೂ ಒಂದೆಡೆ ಸೇರಿಸಿತು. 2017ರಲ್ಲಿ ಟ್ಯಾಡ್‌ಲೋ ಕಂಪನಿ ನಿಕ್ ರೇನ್ ನಿರ್ದೇಶನದಲ್ಲಿ ಸಿಟಿ ಆಫ್ ಪ್ರಾಗ್ ಫಿಲ್‌ಹಾರ್ಮೋನಿಕ್‌ನಿಂದ ಪೂರ್ತಿ ಸ್ಕೋರನ್ನು ಎರಡು ಸಿಡಿಗೆ ಹೊಸದಾಗಿ ನುಡಿಸಿತು.

ಯಾವುದು? ಒಂದೇ ಕೊಳ್ಳುವ ಹಾಗಿದ್ದರೆ ರೈನೋ. ಹಳತಾದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಚಿತ್ರದ ಉಸಿರು ಅದರಲ್ಲಿದೆ. ಒಳ್ಳೆಯ ಸ್ಪೀಕರ್ ಇಟ್ಟುಕೊಂಡು ತುತ್ತೂರಿಗಳ ಮೆರವಣಿಗೆಯನ್ನು ಎದೆ ನಡುಗುವಂತೆ ಕೇಳಬೇಕೆಂದರೆ ಟ್ಯಾಡ್‌ಲೋ. ಐದು ಸಿಡಿಯ ಪೆಟ್ಟಿಗೆ ಅದ್ಭುತವೇ ಹೌದು. ಆದರೆ ಒಂದೇ ಕ್ಯೂವಿನ (ಒಂದು ದೃಶ್ಯಕ್ಕೆಂದು ಬರೆದ ಸಂಗೀತ ತುಣುಕಿನ) ಎರಡು ಮೂರು ಪಾಠಗಳನ್ನು ಹೋಲಿಸಿ ಕೇಳುವ ಹುಚ್ಚಿಲ್ಲದವರಿಗೆ ಅದು ಬೀರುವಿನ ಶೋಭೆ. 1959ರ ರೋಮ್ ತಟ್ಟೆಗೆ ದುಡ್ಡು ಹಾಕಬೇಡಿ, ಬಾಲ್ಯದ ನೆನಪಿದ್ದರೆ ಬೇರೆ ಮಾತು.

ಇನ್ನೊಂದು ವಿಷಯ. ರಥಗಳ ಓಟದ ಸಂಗೀತ ಯಾವ ಸಿಡಿಯಲ್ಲಿದೆ ಎಂದು ಹುಡುಕುವವರು ಬಹಳ. ಯಾವುದರಲ್ಲೂ ಇಲ್ಲ. ಓಟಕ್ಕೆ ಮುಂಚಿನ ಮೆರವಣಿಗೆಗೆ ಸಂಗೀತವಿದೆ. ಓಟ ಶುರುವಾದ ಮೇಲೆ ಬರೀ ಗೊರಸು, ಗಾಲಿ, ಜನರ ಗದ್ದಲ.

ಸ್ಟುಡಿಯೋಗೊಂದು ಹಣೆಬರಹ

ಎಂಜಿಎಂ 1970ರ ಆಸುಪಾಸಿನಲ್ಲಿ ಜಾಗ ಖಾಲಿ ಮಾಡಲು ತನ್ನ ಸಂಗೀತ ಗ್ರಂಥಾಲಯದ ಪೂರ್ಣ ಸ್ವರಲಿಪಿಗಳನ್ನೂ ವಾದ್ಯಗಾರರ ಹಾಳೆಗಳನ್ನೂ ಕಸದ ಗುಂಡಿಗೆ ಸುರಿಯಿತು. ಉಳಿದದ್ದು ಹೆಚ್ಚಾಗಿ ಎರಡು ಮೂರು ಸಾಲಿಗೆ ಇಳಿಸಿ ಬರೆದ ಸಂಕ್ಷಿಪ್ತ ಪ್ರತಿಗಳು. ಆದರೆ ಇದೇ ಸ್ಟುಡಿಯೋ ಹಳೆಯ ಆಪ್ಟಿಕಲ್ ಫಿಲ್ಮಿನ (ಧ್ವನಿಯನ್ನು ಬೆಳಕಿನ ಗುರುತಾಗಿ ಹಿಡಿದಿಟ್ಟ ಫಿಲ್ಮಿನ) ಸಂಗೀತವನ್ನು ಕಾಲಿಂಚಿನ ಟೇಪಿಗೆ ಇಳಿಸಿಟ್ಟುಕೊಂಡಿತ್ತು. ಕಾಗದ ಹೋಯಿತು, ಟೇಪು ಉಳಿಯಿತು. ಹಾಗಾಗಿ ಎಂಜಿಎಂ ಚಿತ್ರಗಳ ಮೂಲ ಧ್ವನಿಮುದ್ರಣ ಧಾರಾಳವಾಗಿ ಬಂದಿದೆ. 1939ರ ‘ಗಾನ್ ವಿತ್ ದ ವಿಂಡ್’ಗೆ ಮ್ಯಾಕ್ಸ್ ಸ್ಟೈನರ್ ಕೊಟ್ಟ ಸಂಗೀತ ಕೂಡ 1996ರಲ್ಲಿ ಎರಡು ಸಿಡಿಯಾಗಿ ಸಿಕ್ಕಿತು. ಮೋನೋ, ಸ್ವಲ್ಪ ಕರಕಲು, ಆದರೆ ಅದೇ. ಎಂಜಿಎಂ ಸ್ಕೋರನ್ನು ಹೊಸದಾಗಿ ನುಡಿಸುವುದು ಮಾತ್ರ ಕಷ್ಟ. ಯಾರಾದರೂ ಚಿತ್ರವನ್ನು ಕಿವಿಗೊಟ್ಟು ಕೇಳುತ್ತ ಒಂದೊಂದು ವಾದ್ಯದ ಸಾಲನ್ನೂ ಮತ್ತೆ ಬರೆಯಬೇಕು. ಜಾನ್ ವಿಲ್ಸನ್ ಎಂಜಿಎಂ ಸಂಗೀತ ಚಿತ್ರಗಳಿಗೆ ಮಾಡಿದ್ದು ಇದನ್ನೇ.

ವಾರ್ನರ್ ಬ್ರದರ್ಸ್ ತಿರುಗುಮುರುಗು. ಅಲ್ಲಿನ ಕಾಗದಗಳು ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಚ್ಚುಕಟ್ಟಾಗಿ ಕೂತಿವೆ. 1930, 40ರ ದಶಕದ ಧ್ವನಿಮುದ್ರಣಗಳು ಮಾತ್ರ ಬಹುಪಾಲು ಇಲ್ಲ. ಉಳಿದದ್ದು ಸಂಯೋಜಕರು ಮನೆಗೊಯ್ದ ಅಸಿಟೇಟ್ ತಟ್ಟೆಗಳಲ್ಲಿ. ಸ್ಟೈನರ್ ಅವರ ಸಂಗ್ರಹ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿಂದ ಕೆಲವು ಸಿಡಿಗಳೂ ಬಂದಿವೆ. ಅಸಿಟೇಟ್ ತಟ್ಟೆ ಎಂದರೆ ಅಲ್ಯೂಮಿನಿಯಂ ಅಥವಾ ಗಾಜಿನ ಹಾಳೆಯ ಮೇಲೆ ಬಳಿದ ಅರಗಿನಂಥ ಲೇಪ. ವರ್ಷ ಕಳೆದಂತೆ ಲೇಪದೊಳಗಿನ ಎಣ್ಣೆ ಬೆವರಿ ಬಿಳಿ ಪುಡಿಯಾಗಿ ಕೂರುತ್ತದೆ, ಲೇಪ ಕುಗ್ಗಿ ಬಿರುಕು ಬಿಡುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಂಥದ್ದರಿಂದ ಇಳಿಸಿದ ಸಿಡಿಯಲ್ಲಿ ಪ್ರತಿ ಸುತ್ತಿಗೊಮ್ಮೆ ‘ಸುಂಯ್’ ಎನ್ನುವ ಶಬ್ದ ಕೇಳಿಸಿದರೆ ದೂರಬೇಡಿ. ಅದನ್ನು ಪೂರ್ತಿ ಒರೆಸಲು ಹೋದರೆ ಪಿಟೀಲಿನ ಮೇಲಿನ ಸ್ವರಗಳೂ ಒರೆಸಿಹೋಗುತ್ತವೆ.

ಆದ್ದರಿಂದ 1940ರ ‘ದ ಸೀ ಹಾಕ್’ನಂಥ ವಾರ್ನರ್ ಚಿತ್ರಕ್ಕೆ ಮೂಲ ಧ್ವನಿಮುದ್ರಣ ಬರಲಿ ಎಂದು ಕಾಯುವುದು ವ್ಯರ್ಥ. ಎರಿಕ್ ವೋಲ್ಫ್‌ಗಾಂಗ್ ಕಾರ್ನ್‌ಗೋಲ್ಡ್ ಬರೆದ ಈ ಸ್ಕೋರಿಗೆ ಎರಡು ದಾರಿ ಇವೆ. 1972ರಲ್ಲಿ ಚಾರ್ಲ್ಸ್ ಗೆರ್‌ಹಾರ್ಟ್ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ನ್ಯಾಷನಲ್ ಫಿಲ್‌ಹಾರ್ಮೋನಿಕ್‌ನಿಂದ ನುಡಿಸಿದ ಆರ್‌ಸಿಎ ತಟ್ಟೆ ಒಂದು. ಸಂಯೋಜಕರ ಮಗ ಜಾರ್ಜ್ ಕಾರ್ನ್‌ಗೋಲ್ಡ್ ಅದರ ನಿರ್ಮಾಪಕ. ಕೆಲವೇ ನಿಮಿಷದ ಸೂಟ್, ಆದರೆ ಬೆಂಕಿ. ಇನ್ನೊಂದು 2007ರ ನಾಕ್ಸೋಸ್‌ನ ಎರಡು ಸಿಡಿ. ಜಾನ್ ಮಾರ್ಗನ್ ಸ್ವರಲಿಪಿ ಸಿದ್ಧಪಡಿಸಿ, ವಿಲಿಯಂ ಸ್ಟ್ರಾಂಬರ್ಗ್ ನಿರ್ದೇಶನದಲ್ಲಿ ಮಾಸ್ಕೋ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ಪೂರ್ತಿ ಸ್ಕೋರ್. ಮೊದಲು ಗೆರ್‌ಹಾರ್ಟ್, ಅದು ರುಚಿಸಿದರೆ ನಾಕ್ಸೋಸ್. ಉಲ್ಟಾ ಮಾಡಿದರೆ ಮೊದಲ ಸಿಡಿ ಮುಗಿಯುವುದರೊಳಗೆ ದಣಿವಾದೀತು.

ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನದ್ದು ಅದೃಷ್ಟದ ಜಾತಕ, ಕಾಗದ, ಟೇಪು ಎರಡೂ ಸಾಕಷ್ಟು ಉಳಿದಿವೆ. ಇನ್ನೂ ಸೋಜಿಗವೆಂದರೆ, ಫಾಕ್ಸ್‌ನವರು ಒಂದೇ ವಾದನವನ್ನು ಬೇರೆ ಬೇರೆ ಕಡೆ ಇಟ್ಟ ಮೈಕುಗಳಿಂದ ಬೇರೆ ಬೇರೆ ಫಿಲ್ಮಿಗೆ ಇಳಿಸುತ್ತಿದ್ದರು. ಅವನ್ನು ಇವತ್ತು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಂದಿಸಿದರೆ ಸ್ಟೀರಿಯೋ ಬಳಕೆಗೆ ಬರುವ ಮುಂಚಿನ ಚಿತ್ರಕ್ಕೂ ನಿಜವಾದ ಸ್ಟೀರಿಯೋ ಸಿಗುತ್ತದೆ. ಬರ್ನಾರ್ಡ್ ಹರ್ಮನ್ ಸಂಗೀತದ 1951ರ ‘ದ ಡೇ ದ ಅರ್ತ್ ಸ್ಟುಡ್ ಸ್ಟಿಲ್’ 1993ರಲ್ಲಿ ಹೀಗೇ ಸ್ಟೀರಿಯೋದಲ್ಲಿ ಬಂತು. ಹರ್ಮನ್ ಫಾಕ್ಸ್‌ಗೆ ಬರೆದದ್ದೆಲ್ಲ ಬೇಕೆನ್ನುವವರಿಗೆ 2011ರಲ್ಲಿ ವರೇಸ್ ಸರಬಾಂಡ್ 14 ಸಿಡಿಯ ಪೆಟ್ಟಿಗೆ ತಂದಿತು. ಮಾಡಿದ್ದು 1000 ಪ್ರತಿ ಮಾತ್ರ. ಫಾಕ್ಸ್ ಚಿತ್ರವೊಂದರ ಸಂಗೀತ ಇನ್ನೂ ಬಂದಿಲ್ಲವೆಂದರೆ ಕಾಯುವುದಕ್ಕೆ ಅರ್ಥವಿದೆ.

ಪ್ಯಾರಮೌಂಟ್ ಉಗ್ರಾಣದ ಬಾಗಿಲು ತೆರೆದದ್ದು ತಡವಾಗಿ. ತೆರೆದ ಮೇಲೆ 1956ರ ‘ದ ಟೆನ್ ಕಮಾಂಡ್‌ಮೆಂಟ್ಸ್’ ಆರು ಸಿಡಿಯಾಗಿ 2016ರಲ್ಲಿ ಬಂತು. ಸ್ಟುಡಿಯೋಗಳಿಗೆ ಸೇರದ ಸ್ವತಂತ್ರ ನಿರ್ಮಾಪಕರ ಚಿತ್ರಗಳದ್ದೇ ದುಃಖ. ನಿರ್ಮಾಪಕ ದಿವಾಳಿಯಾದ ಮೇಲೆ ಟೇಪನ್ನು ನೋಡಿಕೊಳ್ಳುವವರು ಯಾರು? 1961ರ ‘ಎಲ್ ಸಿಡ್’ನ ಮೂಲ ಟೇಪು ಸಿಗದ ಕಾರಣಕ್ಕೇ ಟ್ಯಾಡ್‌ಲೋ 2008ರಲ್ಲಿ ಪೂರ್ತಿ ಸ್ಕೋರನ್ನು ಪ್ರಾಗ್‌ನಲ್ಲಿ ಹೊಸದಾಗಿ ನುಡಿಸಬೇಕಾಯಿತು.

ಟೇಪು ಇದೆ ಎಂದಾಕ್ಷಣ ಗೆದ್ದ ಹಾಗಲ್ಲ. 1950, 60ರ ದಶಕದ 35 ಎಂಎಂ ಮ್ಯಾಗ್ನೆಟಿಕ್ ಫಿಲ್ಮು ಅಸಿಟೇಟ್‌ನದ್ದು. ಸೆಕೆ, ತೇವ ತಗುಲಿದರೆ ಅಸಿಟಿಕ್ ಆಮ್ಲ ಬಿಡುತ್ತ ಡಬ್ಬಿ ತೆರೆದ ಕೂಡಲೇ ವಿನಿಗರ್ ವಾಸನೆ ಹೊಡೆಯುತ್ತದೆ. ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಓದುವ ಹೆಡ್ಡಿಗೆ ಸಮನಾಗಿ ತಾಗುವುದಿಲ್ಲ. ಶಬ್ದ ಮಸುಕಾಗುತ್ತ, ತೆರೆಯುತ್ತ ಬರುತ್ತದೆ. ಇದಕ್ಕೆ ಮದ್ದಿಲ್ಲ, ಪೂರ್ತಿ ಹಾಳಾಗುವುದರೊಳಗೆ ಒಂದು ಸಲ ಇಳಿಸಿಕೊಳ್ಳಬೇಕು ಅಷ್ಟೆ. 1970, 80ರ ದಶಕದ ಪಾಲಿಯೆಸ್ಟರ್ ಟೇಪಿನ ಕಾಯಿಲೆ ಬೇರೆ. ಅಂಟು ತೇವ ಕುಡಿದು ಜಿಗುಟಾಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅದನ್ನು 54 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಕೆಲವು ವಾರದ ಮಟ್ಟಿಗೆ ಸರಿಹೋಗುತ್ತದೆ. ಇದೇ ಮದ್ದನ್ನು ಅಸಿಟೇಟ್‌ಗೆ ಮಾಡಿದರೆ ಇದ್ದದ್ದೂ ಹೋದೀತು.

ಸಂಗೀತದ ಮೂಲ ಟೇಪು ಹೋಗಿ, ಚಿತ್ರದ ಮಿಶ್ರಣದ ಸಂಗೀತ ಪಟ್ಟಿಯಷ್ಟೇ ಉಳಿದಿದ್ದರೆ ಕೆಲವು ಕಂಪನಿಗಳು ಅದನ್ನೇ ಬಳಸುತ್ತವೆ. ಅದರಲ್ಲಿ ಪಾತ್ರಗಳು ಮಾತಾಡುವ ಕಡೆಗಳಲ್ಲೆಲ್ಲ ಸಂಗೀತ ತಗ್ಗಿರುತ್ತದೆ, ಮಾತು ಮುಗಿದಾಗ ಏರುತ್ತದೆ. ಸಂಗೀತದ ಜೊತೆ ಹೆಜ್ಜೆ ಸಪ್ಪಳ, ಬಾಗಿಲು ಬಡಿದ ಸದ್ದೂ ಇದ್ದರೆ ಪರಭಾಷೆಯ ಡಬ್ಬಿಂಗಿಗೆಂದು ಮಾಡಿದ ಪಟ್ಟಿಯಿಂದ ತೆಗೆದದ್ದು ಎಂದು ತಿಳಿಯಿರಿ. ಪ್ರಾಮಾಣಿಕ ಕಂಪನಿಗಳು ಪುಸ್ತಿಕೆಯಲ್ಲಿ ಇದನ್ನು ಬರೆದಿರುತ್ತವೆ.

ಹೊಸದಾಗಿ ನುಡಿಸಿದ್ದು ಕೀಳೇ?

ಮೂಲವೇ ಮೇಲು ಎಂಬ ಹಟ ಹಲವರಿಗೆ. ಆ ಹಟ ಎಲ್ಲ ಚಿತ್ರಕ್ಕೂ ಸಲ್ಲದು. 1933ರ ‘ಕಿಂಗ್ ಕಾಂಗ್’ ಅನ್ನು ಆ ಕಾಲದ ಆಪ್ಟಿಕಲ್ ಧ್ವನಿಯಲ್ಲಿ ಕೇಳುವುದಕ್ಕೂ 1997ರಲ್ಲಿ ಮಾರ್ಕೋ ಪೋಲೋ ಕಂಪನಿಗೆ ಮಾಸ್ಕೋ ಆರ್ಕೆಸ್ಟ್ರಾ ನುಡಿಸಿದ್ದನ್ನು ಕೇಳುವುದಕ್ಕೂ ಅಜಗಜಾಂತರ. ಸ್ಟೈನರ್ ಬರೆದಿದ್ದ ಕೆಳಸ್ಥಾಯಿಯ ಅಬ್ಬರ ಎರಡನೆಯದರಲ್ಲೇ ಮೊದಲು ತಿಳಿಯುವುದು.

ಇದಕ್ಕೆ ಎದುರು ನಿಲ್ಲುವುದು 1958ರ ‘ವರ್ಟಿಗೊ’. ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರ ನಡೆದಿದ್ದರಿಂದ ಹರ್ಮನ್ ಬರೆದದ್ದನ್ನು ಮ್ಯೂರ್ ಮ್ಯಾಥಿಸನ್ ನಿರ್ದೇಶನದಲ್ಲಿ ಲಂಡನ್ನಿನಲ್ಲಿ ನುಡಿಸಲು ತೊಡಗಿದರು. ಅಲ್ಲಿನ ವಾದ್ಯಗಾರರೂ ಮುಷ್ಕರಕ್ಕೆ ಬೆಂಬಲ ಕೊಟ್ಟು ಕೈ ಎತ್ತಿದಾಗ ಉಳಿದದ್ದನ್ನು ವಿಯೆನ್ನಾದಲ್ಲಿ ಮುಗಿಸಿದರು. ಲಂಡನ್ನಿನದು ಸ್ಟೀರಿಯೋ, ವಿಯೆನ್ನಾದ್ದು ಮೋನೋ. 1996ರ ವರೇಸ್ ಸಿಡಿಯಲ್ಲಿ ಒಂದು ಕ್ಯೂ ಮುಗಿದು ಇನ್ನೊಂದಕ್ಕೆ ಹೋಗುವಾಗ ಅಂಗಳ ಇದ್ದಕ್ಕಿದ್ದಂತೆ ಓಣಿಯಾದ ಹಾಗೆ ಅನಿಸಿದರೆ ಕಾರಣ ಇದು, ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ. ಅದೇ ಹೊತ್ತಿಗೆ ಜೋಯಲ್ ಮೆಕ್‌ನೀಲಿ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾದಿಂದ ನುಡಿಸಿದ ಪಾಠವೂ ಬಂತು. ಅದರಲ್ಲಿ ಶಬ್ದಕ್ಕೆ ಕುಂದಿಲ್ಲ, ವಾದನ ನುಣುಪು. ಮೊದಲ ಸಲ ಕೊಳ್ಳುವವರು ಮೆಕ್‌ನೀಲಿ ತೆಗೆದುಕೊಳ್ಳಲಿ. ಆದರೂ ತಲೆಸುತ್ತಿನ ಆ ನಡುಕ ಇರುವುದು ಲಂಡನ್-ವಿಯೆನ್ನಾದ ಹರಿದ ಟೇಪಿನಲ್ಲೇ.

ಸಂಯೋಜಕರೇ ಮತ್ತೆ ನುಡಿಸಿದರೆ ಅದು ಚಿತ್ರದಂತೆಯೇ ಇರುತ್ತದೆ ಎಂದುಕೊಳ್ಳಬೇಡಿ. ಹರ್ಮನ್ 1975ರಲ್ಲಿ ಮಾಡಿದ ‘ಸೈಕೋ’ ಚಿತ್ರದ್ದಕ್ಕಿಂತ ಎಷ್ಟೋ ನಿಧಾನ. ಮೆಕ್‌ನೀಲಿಯ 1997ರ ಪಾಠ ಗತಿಯಲ್ಲಿ ಚಿತ್ರಕ್ಕೆ ಹತ್ತಿರ.

ಹೊಸ ಧ್ವನಿಮುದ್ರಣ ಬಂದರೆ ಮೂಲ ಬರುವ ದಾರಿ ಮುಚ್ಚಿತು ಎಂಬ ಭಯವೂ ಬೇಡ. ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಬರೆದು, ನಿರ್ದೇಶಕ ಕ್ಯೂಬ್ರಿಕ್ ಬಳಸದೆ ಬಿಟ್ಟ ಸಂಗೀತವನ್ನು 1993ರಲ್ಲಿ ಜೆರ್ರಿ ಗೋಲ್ಡ್‌ಸ್ಮಿತ್ ನುಡಿಸಿದರು. 2007ರಲ್ಲಿ ನಾರ್ತ್ ತಮ್ಮ ಬಳಿ ಇಟ್ಟುಕೊಂಡಿದ್ದ ಮೋನೋ ಟೇಪಿನಿಂದ 1968ರ ಮೂಲವೇ ಬಂತು. 1960ರ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಬಂದಾಗ ಆಲ್ಬಂ ಇರಲೇ ಇಲ್ಲ. ಕೇಳುಗರು ಮುಂದಿನ ಭಾಗದ ತಟ್ಟೆಯಲ್ಲಿ ಮತ್ತೆ ನುಡಿಸಿದ್ದರಿಂದಲೇ ಹಸಿವು ತೀರಿಸಿಕೊಂಡರು. 1994ರಲ್ಲಿ ಫೀನಿಕ್ಸ್ ಸಿಂಫನಿಯ ಮರು ಧ್ವನಿಮುದ್ರಣ, ಅದಾಗಿ ನಾಲ್ಕೇ ವರ್ಷಕ್ಕೆ ಮೂಲ ಟೇಪು.

ಮೈಸೂರು ಸೀಮೆಯ ಹುಡುಗನ ದನಿ

ಈ ಚರಿತ್ರೆಯ ಬುಡದಲ್ಲೇ ನಮ್ಮ ಕಡೆಯವನೊಬ್ಬನಿದ್ದಾನೆ. ಮೈಸೂರಿನ ಬಳಿಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, 1937ರ ‘ಎಲಿಫೆಂಟ್ ಬಾಯ್’ನಿಂದ ಹೆಸರಾಗಿ, 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ. ಅದರ ರೋಝಾ ಸಂಗೀತವನ್ನು ಸಾಬು ಹೇಳುವ ಕಥೆಯ ಜೊತೆ ಆರ್‌ಸಿಎ 78 ಆರ್‌ಪಿಎಂ ತಟ್ಟೆಗಳಲ್ಲಿ ತಂದಿತು. ಅಮೆರಿಕದ ಚಿತ್ರವೊಂದರ ವಾದ್ಯ ಸಂಗೀತ ಹೀಗೆ ಮಾರಾಟದ ಆಲ್ಬಂ ಆಗಿ ಬಂದದ್ದು ಅದೇ ಮೊದಲೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆಮೇಲೆ ಇದೇ ಸೂಟನ್ನು ಬೇರೆ ನಿರೂಪಕರೊಂದಿಗೆ, ನಿರೂಪಣೆಯೇ ಇಲ್ಲದೆಯೂ ನುಡಿಸಿದ್ದಾರೆ. ಸಂಗೀತ ಮಾತ್ರ ಬೇಕಾದವರಿಗೆ ನಿರೂಪಣೆ ಇಲ್ಲದ್ದು ವಾಸಿ. ಸಾಬುವಿನ ದನಿ ಬೇಕಾದವರು 78ರಿಂದ ಇಳಿಸಿದ್ದನ್ನೇ ಹುಡುಕಬೇಕು. ಚರಪರ ಸದ್ದು ಇದ್ದೇ ಇರುತ್ತದೆ, ಮಗ್ಗುಲು ಬದಲಾದ ಕಡೆ ಸಣ್ಣ ಕಡಿತವೂ ಉಂಟು.

ಸಾಬು ನಟಿಸಿ, ರೋಝಾ ಸಂಗೀತ ಕೊಟ್ಟ 1940ರ ‘ದ ಥೀಫ್ ಆಫ್ ಬಾಗ್ದಾದ್’ಗೆ ಆಯ್ಕೆ ಸರಳ. ಎಲ್ಮರ್ ಬರ್ನ್‌ಸ್ಟೈನ್ 1970ರ ದಶಕದಲ್ಲಿ ಚಂದಾದಾರರಿಗೆಂದು ಮಾಡಿದ 14 ಎಲ್‌ಪಿಗಳ ಮಾಲೆಯಲ್ಲಿ ಒಂದು ಇದು. ಆ ಮಾಲೆ 2006ರಲ್ಲಿ 12 ಸಿಡಿಯ ಪೆಟ್ಟಿಗೆಯಾಯಿತು. 2016ರಲ್ಲಿ ಟ್ಯಾಡ್‌ಲೋ ಪೂರ್ತಿ ಸ್ಕೋರನ್ನು ತಂದಿತು. ಟ್ಯಾಡ್‌ಲೋ ಕೊಳ್ಳಿ.

ಕೇಳುವುದು ಯಾರನ್ನು, ಹೇಗೆ

ಬಯಸಿದ ಸಂಗೀತ ಬಂದೇ ಇಲ್ಲವಾದರೆ ಕಂಪನಿಗೆ ಬರೆಯಬಹುದು. ಇಂಟ್ರಾಡಾ, ಲಾ-ಲಾ ಲ್ಯಾಂಡ್, ವರೇಸ್ ಸರಬಾಂಡ್, ಸ್ಪೇನಿನ ಕ್ವಾರ್ಟೆಟ್, ಮರು ಧ್ವನಿಮುದ್ರಣಕ್ಕೆ ಟ್ಯಾಡ್‌ಲೋ ಇವು ಮುಖ್ಯವಾದವು. ‘ದಯವಿಟ್ಟು ಬಿಡುಗಡೆ ಮಾಡಿ’ ಎಂಬ ಒಂದು ಸಾಲು ಕಸದ ಬುಟ್ಟಿಗೆ. ಬರೆಯುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ.

ಚಿತ್ರ ಈಗ ಯಾರ ಕೈಯಲ್ಲಿದೆ? ಹೊದಿಕೆಯ ಮೇಲಿನ ಲಾಂಛನ ನಂಬಬೇಡಿ. ಎಂಜಿಎಂನ ಹಳೆಯ ಚಿತ್ರಗಳು ಟರ್ನರ್ ಮೂಲಕ ವಾರ್ನರ್‌ಗೆ ಹೋಗಿವೆ. 1950ಕ್ಕೆ ಮುಂಚಿನ ಪ್ಯಾರಮೌಂಟ್ ಟಾಕಿಗಳಲ್ಲಿ ಬಹುಪಾಲು ಯೂನಿವರ್ಸಲ್‌ನದ್ದು. ಫಾಕ್ಸ್ 2019ರಿಂದ ಡಿಸ್ನಿಯದ್ದು. ತಟ್ಟೆಯ ಹಕ್ಕು ಮತ್ತೂ ಬೇರೆ. ‘ಟಿಫನೀಸ್’ ಚಿತ್ರದ ಟೇಪು ಪ್ಯಾರಮೌಂಟ್‌ನದು, ಆರ್‌ಸಿಎ ಆಲ್ಬಂ ಇಂದು ಸೋನಿಯದು. ಎರಡನ್ನೂ ಒಂದೇ ಸೆಟ್ಟಿನಲ್ಲಿ ಹಾಕಿ ಎಂದು ಕೇಳುವವರು ಎರಡು ಒಪ್ಪಂದ, ಎರಡು ಖರ್ಚು ಕೇಳುತ್ತಿದ್ದೀರಿ ಎಂಬುದು ನೆನಪಿರಲಿ.

ಕಾಗದ ಎಲ್ಲಿದೆ? ರೋಝಾ, ಫ್ರಾಂಝ್ ವ್ಯಾಕ್ಸ್‌ಮನ್ ಅವರದ್ದು ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ, ಹರ್ಮನ್ ಅವರದ್ದು ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಕಾರ್ನ್‌ಗೋಲ್ಡ್ ಅವರದ್ದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಇವುಗಳ ಸಂಗ್ರಹ ಪಟ್ಟಿಯಲ್ಲಿ ಚಿತ್ರದ ಹೆಸರಿನ ಮುಂದೆ ಧ್ವನಿಮುದ್ರಣವೂ ನಮೂದಾಗಿದ್ದರೆ ಅದನ್ನು ಪತ್ರದಲ್ಲಿ ಹೇಳಿ.

ಮೂರನೆಯದು, ಇರುವ ಆಲ್ಬಂನಲ್ಲಿ ಯಾವುದು ಇಲ್ಲ? ‘47ನೇ ನಿಮಿಷದ ಮರುಭೂಮಿಯ ದೃಶ್ಯದ ಸಂಗೀತ ಎಲ್‌ಪಿಯಲ್ಲಿಲ್ಲ’ ಎಂದು ನಿಖರವಾಗಿ ಬರೆದರೆ ಬೆಲೆಯಿದೆ. ಟ್ರ್ಯಾಕ್ ಪಟ್ಟಿಗಳಲ್ಲಿ ಕಾಣುವ 3ಎಂ2ನಂಥ ಗುರುತಿನ ಅರ್ಥ ಮೂರನೆಯ ರೀಲಿನ ಎರಡನೆಯ ಸಂಗೀತ ತುಣುಕು. ಸಂಖ್ಯೆ ಹಾರಿದ ಕಡೆಯಲ್ಲೇ ಬಿಟ್ಟುಹೋದದ್ದು ಇರುತ್ತದೆ.

ಬ್ಲೂ-ರೇಯ ಸಂಗೀತ ಟ್ರ್ಯಾಕು ಕಾಯುವ ಕಾಲಕ್ಕೆ ಒಳ್ಳೆಯ ಊರುಗೋಲು. 2020ರಲ್ಲಿ ಮುಚ್ಚಿದ ಟ್ವಿಲೈಟ್ ಟೈಮ್ ಕಂಪನಿಯ ಡಿಸ್ಕುಗಳಲ್ಲಿ ಇದು ಬಹಳ ಸಲ ಇರುತ್ತಿತ್ತು. ಸಿಡಿಯಾಗಿ ಬಾರದ ಸ್ಕೋರಿಗೂ ಇಂಥ ಟ್ರ್ಯಾಕ್ ಇದ್ದರೆ ಟೇಪು ಬದುಕಿದೆ ಎಂಬುದಕ್ಕೆ ಅದೇ ಸಾಕ್ಷಿ.

ದುಡ್ಡು ಕೊಡುವಾಗ

ಈ ಕಂಪನಿಗಳು ಬಹಳಷ್ಟು ಸ್ಕೋರುಗಳನ್ನು 1000ದಿಂದ 3000 ಪ್ರತಿಗಳಷ್ಟೇ ಮಾಡುತ್ತವೆ. ಎಷ್ಟೋ ಸಲ ಅವುಗಳ ಕೈಯಲ್ಲಿರುವುದು ಸಿಡಿಯ ಹಕ್ಕು ಮಾತ್ರ, ಹಾಗಾಗಿ ಸ್ಟ್ರೀಮಿಂಗ್‌ನಲ್ಲಿ ಹುಡುಕಿದರೆ ಸಿಗುವುದು ಹಳೆಯ ಆಲ್ಬಂ. ಒಂದು ಸಿಡಿಗೆ ಸುಮಾರು 20 ಡಾಲರ್, ಎರಡರ ಸೆಟ್ಟಿಗೆ 30ರ ಮೇಲೆ. ಬೆಂಗಳೂರಿಗೋ ಹುಬ್ಬಳ್ಳಿಗೋ ತರಿಸುವಾಗ ಅಂಚೆ ಖರ್ಚಿನ ಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಒಂದೊಂದಾಗಿ ತರಿಸುವ ಬದಲು ನಾಲ್ಕೈದನ್ನು ಕೂಡಿಸಿ ತರಿಸಿ, ಇಲ್ಲವೇ ಅಲ್ಲಿಂದ ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳಿ.

ಸ್ಟಾಕ್ ಮುಗಿದ ಸಿಡಿಗೆ ಮರುಮಾರಾಟದವರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ದೊಡ್ಡ ಹೆಸರಿನ ಚಿತ್ರವಾದರೆ ಕೊಡಬೇಡಿ, ಮರುಮುದ್ರಣ ಬರುವ ಸಂಭವ ಹೆಚ್ಚು. ಯಾರೂ ಕೇಳದ ಸಣ್ಣ ಚಿತ್ರವಾದರೆ ಸಿಕ್ಕಾಗ ಕೊಂಡುಬಿಡಿ.

ಅಗ್ಗವಾಗಿ ಕಾಣುವ ಕೆಲವು ಯುರೋಪಿನ ಸಿಡಿಗಳ ಬಗ್ಗೆ ಎಚ್ಚರ. 1963ಕ್ಕೆ ಮುಂಚೆ ಬಿಡುಗಡೆಯಾದ ತಟ್ಟೆಗಳ ಧ್ವನಿಮುದ್ರಣದ ಹಕ್ಕು ಅಲ್ಲಿ ತೀರಿದೆ, ಹಾಗಾಗಿ ಯಾರು ಬೇಕಾದರೂ ಎಲ್‌ಪಿಯಿಂದ ಇಳಿಸಿ ಮಾರಬಹುದು. ಪುಸ್ತಿಕೆಯಲ್ಲಿ ಮೂಲ ಟೇಪಿನ ಮಾತೇ ಇಲ್ಲದೆ, ಒಂದೇ ಸಿಡಿಯಲ್ಲಿ ಎರಡು ಮೂರು ಎಲ್‌ಪಿ ತುರುಕಿದ್ದರೆ ಅದೇ ಜಾತಿ. 1960ರ ದಶಕದ ‘ಎಲೆಕ್ಟ್ರಾನಿಕ್ ಸ್ಟೀರಿಯೋ’ ತಟ್ಟೆಗಳನ್ನೂ ಬಿಡಿ. ಮೋನೋ ಧ್ವನಿಯ ಕೆಳಸ್ಥಾಯಿಯನ್ನು ಒಂದು ಕಿವಿಗೆ, ಮೇಲಿನದನ್ನು ಇನ್ನೊಂದಕ್ಕೆ ಹಂಚಿ ಮೇಲೆ ಪ್ರತಿಧ್ವನಿ ಸವರಿದ ಸರಕು ಅದು. ಈಗಾಗಲೇ ಮನೆಯಲ್ಲಿದ್ದರೆ ಆಂಪ್ಲಿಫಯರಿನ ಮೋನೋ ಗುಂಡಿ ಒತ್ತಿ ಕೇಳಿ, ಸ್ವಲ್ಪ ಸಹಿಸಬಹುದು.

ಪಾರ್ಸೆಲ್ ಬಂದ ದಿನವೇ ಪೆಟ್ಟಿಗೆ ಬಿಚ್ಚಿ ನೋಡಿ. ಸಿಡಿಯನ್ನು ನಡುವೆ ಹಿಡಿದಿಡುವ ಪ್ಲಾಸ್ಟಿಕ್ ಹಲ್ಲುಗಳು ದಾರಿಯಲ್ಲಿ ಮುರಿದು, ಸಡಿಲವಾದ ಸಿಡಿ ಅದೇ ಚೂರುಗಳ ಮೇಲೆ ಉಜ್ಜಿ ಗೀರಾಗುವುದು ಸಾಮಾನ್ಯ. ಎರಡು ಸಿಡಿಯ ಸೆಟ್ಟಿನಲ್ಲಿ ಎರಡೂ ಬೇರೆ ಬೇರೆಯೇ ಎಂದು, ಕೊನೆಯ ಟ್ರ್ಯಾಕ್ ತನಕ ಓಡುತ್ತದೆಯೇ ಎಂದು ಅಂದೇ ಪರೀಕ್ಷಿಸಿ. ಪ್ರತಿಗಳು ಮುಗಿದ ಮೇಲೆ ಬದಲಿಸಿ ಕೊಡಲು ಕಂಪನಿಯ ಬಳಿಯೂ ಸಿಡಿ ಇರುವುದಿಲ್ಲ.